ಫಲ ಕೊಡದ ಕೊಂಬೆ ನಾನೇನಾ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಮೂಡಿಗೆರೆ ಕಡೆಯವಳು, ವಯಸ್ಸು 43. ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದೆ. 17 ವರ್ಷದ ಹಿಂದೆ ನಾನಾಗೇ ಮನಸ್ಸು ಮಾಡಿ ಯೇಸುವಿಗೆ ನನ್ನನ್ನು ಒಪ್ಪಿಸಿಕೊಂಡೆ. ಹೋದ ತಿಂಗಳು ನಮ್ಮಲ್ಲಿ ಮೂರು ದಿನ ಉಜ್ಜೀವನ ಕೂಟ ನಡೆಯಿತು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಯೋಹಾನ 15ನೇ ಅಧ್ಯಾಯ ಓದಿ, "ಇಷ್ಟು ವರ್ಷದಲ್ಲಿ ಎಷ್ಟು ಆತ್ಮಗಳನ್ನು ಕರ್ತನ ಬಳಿಗೆ ತಂದಿದ್ದೀರಿ? ಕೈ ಎತ್ತಿ" ಅಂದರು. ನಾನು ಎತ್ತಲಿಲ್ಲ. "ಫಲ ಕೊಡದ ಕೊಂಬೆಗೆ ಬೆಂಕಿಯೇ ಗತಿ" ಅಂದರು. ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಅತ್ತೆಗೆ ಲಕ್ವ ಹೊಡೆದು ಮೂರು ವರ್ಷ ಆಯಿತು. ಯಜಮಾನರು ಪಿಕಪ್ ಓಡಿಸುತ್ತಾರೆ, ಮಗ ಚಿಕ್ಕಮಗಳೂರಿನಲ್ಲಿ ಪಿಯುಸಿ. ಅತ್ತೆಯನ್ನು ನೋಡಿಕೊಳ್ಳುವುದು ನಾನೊಬ್ಬಳೇ. ಬೇರೆ ಯಾರು ಕೊಟ್ಟರೂ ಅವರು ನೀರು ಸಹ ಕುಡಿಯಲ್ಲ. ರಾತ್ರಿ ನನ್ನ ಕೈ ಹಿಡಿದುಕೊಂಡೇ ಮಲಗಬೇಕು. ನನಗೆ ನಿದ್ದೆ ಇಲ್ಲ. ಮೊದಲು ಸಂಡೇ ಸ್ಕೂಲ್ ಕಲಿಸುತ್ತಿದ್ದೆ, ಎರಡು ವರ್ಷದಿಂದ ಬಿಟ್ಟಿದ್ದೇನೆ. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಸಿಟ್ಟು ಜಾಸ್ತಿ ಆಗಿದೆ. ಮೊನ್ನೆ ಗಂಜಿ ಬಟ್ಟಲನ್ನು ನೆಲಕ್ಕೆ ಕುಕ್ಕಿಬಿಟ್ಟೆ. ಅತ್ತೆ ಹೆದರಿದರು.

ಕೂಟದಲ್ಲಿ 10,000 ರೂಪಾಯಿ ಬೀಜ ಕಾಣಿಕೆ ಬಿತ್ತಿದರೆ ಫಲದ ಬಾಗಿಲು ತೆರೆಯುತ್ತದೆ ಅಂದರು. ಸಂಘದಲ್ಲಿ ಸಾಲ ತೆಗೆಯೋಣ ಅಂತಿದ್ದೇನೆ. ಸಭೆ ಬದಲಾಯಿಸು ಅಂತ ಅಕ್ಕ ಹೇಳುತ್ತಾಳೆ. ಕ್ರೈಸ್ತಳಾಗಿ ಫಲ ಕೊಡುವುದು ಅಂದರೆ ನಿಜವಾಗಿ ಏನು? ನಾನು ಕತ್ತರಿಸಿ ಹಾಕುವ ಕೊಂಬೆಯೇನಾ? ಸಂಡೇ ಸ್ಕೂಲ್ ಮತ್ತೆ ಶುರು ಮಾಡಬೇಕಾ?

ಉತ್ತರ:

ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫಲ ಅಂದರೆ ಏನು ಅಂತ ಕೇಳಿದ್ದೀರಿ. ಆದರೆ ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ ಅದಲ್ಲ. ದೇವರು ನನ್ನನ್ನು ಇಟ್ಟುಕೊಳ್ಳುತ್ತಾನಾ, ಬಿಸಾಡುತ್ತಾನಾ ಅನ್ನುವುದು ನಿಮ್ಮ ಭಯ. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಮಿಕ್ಕಿದ್ದನ್ನು ನೀವು ಸ್ವಲ್ಪ ಸಮಾಧಾನವಾಗಿ ಓದಬಹುದು. ನಿಮ್ಮ ಪತ್ರದಲ್ಲಿ ನನಗೆ ಬಿಸಾಡುವ ಕೊಂಬೆ ಕಾಣಲಿಲ್ಲ. ತೀರಾ ದಣಿದ ಒಬ್ಬ ವಿಶ್ವಾಸಿ ಕಂಡಳು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರಿ 27 ವರ್ಷ ಸಭಾಪಾಲಕನಾಗಿ ಕೆಲಸ ಮಾಡಿದ್ದೇನೆ. ಕರ್ತನನ್ನು ನಿಜವಾಗಿ ಬಿಟ್ಟುಹೋದವರು ಯಾರೂ ನನಗೆ ಹೀಗೆ ಪತ್ರ ಬರೆದಿಲ್ಲ.

ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಅಧ್ಯಾಯವನ್ನೇ ಒಟ್ಟಿಗೆ ನೋಡೋಣ.

ನಾನು ಬಳ್ಳಿ, ನೀವು ಕೊಂಬೆಗಳು, ತಂದೆ ತೋಟಗಾರ ಅನ್ನುವ ಈ ದ್ರಾಕ್ಷೇಬಳ್ಳಿಯ ಮಾತನ್ನು ಯೇಸು ಆಡಿದ್ದು ಸಾಯುವುದಕ್ಕೆ ಹಿಂದಿನ ರಾತ್ರಿ, ಊಟ ಆದ ಮೇಲೆ. ಎದುರಿಗೆ ಇದ್ದವರು 11 ಜನ. 12ನೆಯವನಾದ, ಯೇಸುವನ್ನು ಹಿಡಿದುಕೊಟ್ಟ ಯೂದ ಆಗಲೇ ಎದ್ದು ಹೋಗಿದ್ದ, ಅದು 13ನೇ ಅಧ್ಯಾಯದಲ್ಲಿದೆ. ಅವನು ಇನ್ನೂ ಅಲ್ಲಿದ್ದಾಗ ಯೇಸು, ನೀವು ಶುದ್ಧರು, ಆದರೆ ಎಲ್ಲರೂ ಅಲ್ಲ ಅಂದಿದ್ದರು. ಅವನು ಹೋದ ಮೇಲೆ 15:3ರಲ್ಲಿ, ನೀವು ಈಗಾಗಲೇ ಶುದ್ಧರಾಗಿದ್ದೀರಿ ಅನ್ನುತ್ತಾರೆ. ಈ ಸಲ "ಎಲ್ಲರೂ ಅಲ್ಲ" ಅನ್ನುವ ಮಾತು ಇಲ್ಲ. ಇನ್ನೊಂದು ವಿಷಯ ಇದೆ. ಗ್ರೀಕ್ ಮೂಲದಲ್ಲಿ ಕೊಂಬೆಯನ್ನು ಕಸಿ ಮಾಡುವುದಕ್ಕೆ, ಅಂದರೆ ಬೇಡದ ಭಾಗ ಕತ್ತರಿಸಿ ಚೊಕ್ಕ ಮಾಡುವುದಕ್ಕೆ, ಬಂದಿರುವ ಮಾತು, ಶುದ್ಧ ಅನ್ನುವ ಮಾತು, ಎರಡೂ ಒಂದೇ ಬುಡದ್ದು. ಬೆಂಕಿಯ ಮಾತು ಬರುವ ಮೊದಲೇ ಯೇಸು ಅವರಿಗೆ ನೀವು ನನ್ನವರು ಅಂತ ಹೇಳಿ ಆಗಿತ್ತು.

ಇನ್ನು 6ನೇ ವಚನ. ಬೆಂಕಿಗೆ ಹೋಗುವುದು ಯಾವ ಕೊಂಬೆ? ಕಡಿಮೆ ಫಲ ಕೊಟ್ಟದ್ದು ಅಂತ ಅಲ್ಲಿಲ್ಲ. "ನನ್ನಲ್ಲಿ ನೆಲೆಗೊಂಡಿರದವನು" ಅಂತ ಇದೆ. ಎಣಿಸಿದ್ದು ಕಡಿಮೆ ಬಂತು ಅನ್ನುವುದಲ್ಲ, ಬಳ್ಳಿಯನ್ನೇ ಬೇಡ ಅಂದದ್ದು. ಅಂಥವರಿಗೆ ಮೊದಲು ರಕ್ಷಣೆ ಇತ್ತಾ, ಇರಲೇ ಇಲ್ವಾ ಅನ್ನುವುದರಲ್ಲಿ ಸಭೆಗಳ ನಡುವೆ ಒಮ್ಮತ ಇಲ್ಲ. ಕೆಲವರು ಕಳೆದುಕೊಳ್ಳಬಹುದು ಅನ್ನುತ್ತಾರೆ, ಕೆಲವರು ಅವರು ಹೆಸರಿಗೆ ಮಾತ್ರ ಸೇರಿದ್ದವರು ಅನ್ನುತ್ತಾರೆ. ಎರಡೂ ಕಡೆಯವರು ಒಪ್ಪುವುದು ಒಂದು: ಬಳ್ಳಿಗೆ ಅಂಟಿಕೊಂಡು ಅಳುತ್ತಿರುವವರನ್ನು ಹೆದರಿಸಲಿಕ್ಕೆ ಆ ವಚನ ಇಲ್ಲ. 2ನೇ ವಚನದ "ತೆಗೆದುಹಾಕುತ್ತಾನೆ" ಅನ್ನುವ ಗ್ರೀಕ್ ಮಾತಿಗೆ "ಎತ್ತುತ್ತಾನೆ" ಅನ್ನುವ ಅರ್ಥವೂ ಇದೆ. ನೆಲಕ್ಕೆ ಬಿದ್ದ ಬಳ್ಳಿಯನ್ನು ತೋಟಗಾರ ಎತ್ತಿ ಕಟ್ಟುವುದು ಅಂತ ಕೆಲವು ಪಂಡಿತರು ವಿವರಿಸುತ್ತಾರೆ. ಕೇಳಲು ಹಿತವಾಗಿದೆ. ನಾನು ಅದರ ಮೇಲೆ ಭಾರ ಹಾಕುವುದಿಲ್ಲ, 6ನೇ ವಚನ ಹೇಗೂ ಅಲ್ಲೇ ಇರುತ್ತದೆ. ನನಗೆ ಧೈರ್ಯ ಕೊಡುವುದು ಮುಂದೆ ನಡೆದದ್ದು. ಈ ಮಾತು ಕೇಳಿದವರೇ ಅದೇ ರಾತ್ರಿ ಯೇಸುವನ್ನು ಬಿಟ್ಟು ಓಡಿದರು. ಪೇತ್ರ ಇದ್ದಲ ಬೆಂಕಿಯ ಹತ್ತಿರ ಚಳಿ ಕಾಯಿಸುತ್ತಾ, ಆತನು ಯಾರೋ ನನಗೆ ಗೊತ್ತಿಲ್ಲ ಅಂದ, ಮೂರು ಸಲ. ಆಮೇಲೆ 21ನೇ ಅಧ್ಯಾಯದಲ್ಲಿ ಮತ್ತೊಂದು ಇದ್ದಲ ಬೆಂಕಿ ಬರುತ್ತದೆ. ಯೇಸು ಅದರ ಮೇಲೆ ಮೀನು ಸುಟ್ಟು, ಬನ್ನಿ ಊಟ ಮಾಡಿ ಅಂತ ಅವರನ್ನು ಕರೆಯುತ್ತಾರೆ. ಆ ರಾತ್ರಿಯ ಕೊಂಬೆಗಳಿಗೆ ಆದ ಗತಿ ಅದು.

ಈಗ ಫಲ ಅಂದರೆ ಏನು ಅನ್ನುವುದಕ್ಕೆ ಬರೋಣ. ಇದರ ಸುತ್ತ ತಪ್ಪು ತಿಳುವಳಿಕೆ ಬಹಳ ಇದೆ, ಸಭೆಯ ಒಳಗೇ.

ನೀವು ಕೇಳಿದ ಪ್ರಸಂಗಿ ಪೂರ್ತಿ ತಪ್ಪು ಹೇಳಿದರು ಅನ್ನಲಾರೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ, ಜನ ಕ್ರಿಸ್ತನನ್ನು ನಂಬುವುದನ್ನೂ ಫಲ ಅಂತ ಕರೆಯುತ್ತಾನೆ. ಆದರೆ ಅದನ್ನು ತಲೆ ಎಣಿಸುವ ಲೆಕ್ಕ ಮಾಡಿದ ಕೂಡಲೇ ಕೆಡುತ್ತದೆ. ಕೊರಿಂಥದವರು ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಅಂತ ಪಂಗಡ ಕಟ್ಟಿದಾಗ ಅವನು ಹೇಳಿದ್ದು ಏನು? ನಾನು ಸಸಿ ನೆಟ್ಟೆ, ಅಪೊಲ್ಲೋಸನು ನೀರು ಹಾಕಿದ, ಬೆಳೆಸಿದ್ದು ದೇವರು. ಹಾಗಾದರೆ ಯಾರ ಲೆಕ್ಕಕ್ಕೆ ಬರೆಯುತ್ತೀರಿ? ಎರಡು ವರ್ಷದ ಹಿಂದಿನವರೆಗೆ ನೀವು ಕಲಿಸಿದ ಮಕ್ಕಳು ಈಗ ಎಲ್ಲೆಲ್ಲಿ ಇದ್ದಾರೋ. ಅವರಲ್ಲಿ ಯಾರು ಯಾವ ಕಷ್ಟದಲ್ಲಿ ನೀವು ಹೇಳಿಕೊಟ್ಟ ವಚನ ನೆನೆಸಿಕೊಂಡಿದ್ದಾರೋ ನಿಮಗೆ ಗೊತ್ತಾಗುವ ದಾರಿಯೇ ಇಲ್ಲ. ಪಕ್ಕದ ಮನೆಯವರನ್ನು ನಮ್ಮ ಲೆಕ್ಕಕ್ಕೆ ಸೇರಿಸುವ ತಲೆಯಾಗಿ ನೋಡಿದರೆ ಅದು ಪ್ರೀತಿ ಆಗುವುದಿಲ್ಲ, ಅದು ಅವರಿಗೂ ಗೊತ್ತಾಗುತ್ತದೆ. ನಂಬಿಕೆ ಬಗ್ಗೆ ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರ ಹೇಳಬೇಕು ಅಂತ ಪೇತ್ರನು ಬರೆದಿದ್ದಾನೆ. ಅಷ್ಟು ಸಾಕು.

ನಾನೇ ಈ ತಪ್ಪು ಮಾಡಿದವನು. ಸೇವೆಗೆ ಬಂದ ಮೊದಲ ವರ್ಷಗಳಲ್ಲಿ ಒಂದು ಡೈರಿ ಇಟ್ಟಿದ್ದೆ. ಎಷ್ಟು ಮನೆ ಭೇಟಿ, ಎಷ್ಟು ದೀಕ್ಷಾಸ್ನಾನ, ಕೂಟಕ್ಕೆ ಎಷ್ಟು ಜನ, ಎಲ್ಲ ಬರೆಯುತ್ತಿದ್ದೆ. ಅಂಕಿ ಕಡಿಮೆಯಾದ ವಾರ ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ. ಒಂದು ರಾತ್ರಿ ನನ್ನ ಹೆಂಡತಿ, "ಸಭೆಯವರಿಗೆ ಸಿಗುವ ಪಾಸ್ಟರು ನಮಗೂ ಒಂದು ದಿನ ಸಿಗಲಿ" ಅಂದಳು. ಆ ಡೈರಿ ಅವತ್ತೇ ಮುಚ್ಚಿದೆ. ಅದರಲ್ಲಿ ಬರೆದದ್ದು ಯಾವುದೂ ಸುಳ್ಳಲ್ಲ. ಆದರೆ ನಾನು ಫಲ ಅಂದುಕೊಂಡದ್ದು ಬರೀ ಕೆಲಸ ಆಗಿತ್ತು.

ಎರಡನೆಯ ಗೊಂದಲ, ವರ ಮತ್ತು ಫಲದ್ದು. ಅನ್ಯಭಾಷೆ, ಪ್ರವಾದನೆ, ರೋಗ ವಾಸಿ ಮಾಡುವುದು ಇವು ವರಗಳು. ಕೊರಿಂಥ ಸಭೆಯಲ್ಲಿ ವರಗಳಿಗೆ ಕೊರತೆ ಇರಲಿಲ್ಲ. ಜಗಳಕ್ಕೂ ಕೊರತೆ ಇರಲಿಲ್ಲ. ಮತ್ತಾಯ 7ರಲ್ಲಿ "ಅವರ ಫಲಗಳಿಂದ ಅವರನ್ನು ತಿಳಿದುಕೊಳ್ಳುವಿರಿ" ಅಂದ ಯೇಸು, ಸ್ವಲ್ಪ ಕೆಳಗೆ ನಿಮ್ಮ ಹೆಸರಿನಲ್ಲಿ ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು ಅನ್ನುವವರಿಗೆ, ನಿಮ್ಮ ಗುರುತೇ ನನಗಿಲ್ಲ ಅನ್ನುತ್ತಾರೆ. ವೇದಿಕೆಯ ಮೇಲೆ ಕಾಣುವುದು ಫಲ ಅಲ್ಲ ಅನ್ನುವುದಕ್ಕೆ ಇನ್ನೇನು ಬೇಕು? ಹಾಗೇ ಸೈಟು, ಕಾರು, ಮಕ್ಕಳಿಗೆ ಸೀಟು ಸಿಕ್ಕಿದ್ದು ಇವೂ ಫಲ ಅಲ್ಲ. ಸಿಕ್ಕರೆ ಸ್ತೋತ್ರ ಹೇಳಿ. ಸಿಗದವರು ಒಣಗಿದ ಕೊಂಬೆ ಅಂತ ಮಾತ್ರ ಹೇಳಬೇಡಿ.

ಇನ್ನೊಂದನ್ನು ಹೆಣ್ಣುಮಕ್ಕಳಿಗಾಗಿಯೇ ಹೇಳಬೇಕು. ದೀರ್ಘಶಾಂತಿ ಅಂದರೆ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸಹಿಸುವುದು ಅಂತ ನಮ್ಮ ಸಭೆಗಳಲ್ಲಿ ಕಲಿಸಿಬಿಟ್ಟಿದ್ದೇವೆ. ಹೊಡೆಯುವ ಗಂಡನ ಮನೆಗೇ ವಾಪಸ್ ಹೋಗು, ಅದೇ ಆತ್ಮಿಕ ಫಲ ಅಂತ ಹೇಳಿ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ದೊಡ್ಡ ತಪ್ಪು. ನಿಮ್ಮ ಮನೆಯಲ್ಲಿ ಆ ಸಮಸ್ಯೆ ಇಲ್ಲ, ಆದರೂ ಇದನ್ನು ಓದುವ ಬೇರೆಯವರಿಗೆ ಇರಬಹುದು. ಅಂಥವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಅದರಿಂದ ನಿಮ್ಮ ಫಲ ಏನೂ ಉದುರುವುದಿಲ್ಲ.

ಹಾಗಾದರೆ ಫಲ ಯಾವುದು? ಗಲಾತ್ಯದವರಿಗೆ ಬರೆದ ಪತ್ರ 5:22-23. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಸಂಡೇ ಸ್ಕೂಲಿನಲ್ಲಿ ಒಂಬತ್ತು ಹಣ್ಣಿನ ಚಿತ್ರ ಬರೆದು ಒಂದೊಂದಕ್ಕೂ ಹೆಸರು ಬರೆಸುತ್ತೇವೆ, ನೀವೂ ಬರೆಸಿರುತ್ತೀರಿ. ಮಕ್ಕಳಿಗೆ ನೆನಪಿಡಲು ಸರಿ. ಆದರೆ ಪೌಲನು ಬರೆದದ್ದು "ಫಲಗಳು" ಅಂತ ಅಲ್ಲ, "ಫಲ" ಅಂತ. ಒಂದೇ. ಮೇಲಿನ ವಚನಗಳಲ್ಲಿ ಶರೀರದ "ಕರ್ಮಗಳು" ಅಂತ ಹಲವು. ಇಲ್ಲಿ ಫಲ ಅಂತ ಒಂದು. ಕಿತ್ತಲೆಯ ತೊಳೆಗಳ ಹಾಗೆ ಎಲ್ಲ ಒಂದೇ ಸಿಪ್ಪೆಯೊಳಗೆ ಇವೆ. ನನಗೆ ಪ್ರೀತಿ ಇದೆ, ತಾಳ್ಮೆ ಒಂದು ಇಲ್ಲ ಅಂತ ಬಿಡಿಬಿಡಿಯಾಗಿ ಅಂಕ ಹಾಕಿಕೊಳ್ಳುವ ಪಟ್ಟಿ ಅದಲ್ಲ.

ಹಳೆಯ ಅನುವಾದದ ಎರಡು ಪದಗಳಿಗೆ ಸ್ವಲ್ಪ ವಿವರಣೆ ಬೇಕು. "ನಂಬಿಕೆ" ಅಂದರೆ ಇಲ್ಲಿ ದೇವರನ್ನು ನಂಬುವುದಕ್ಕಿಂತ ಹೆಚ್ಚಾಗಿ, ಬೇರೆಯವರು ನಮ್ಮನ್ನು ನಂಬಬಹುದು ಅನ್ನುವ ಅರ್ಥ. ತೂಕದಲ್ಲಿ ಮೋಸ ಇಲ್ಲ, ಬರುತ್ತೇನೆ ಅಂದರೆ ಬರುತ್ತಾರೆ, ಸಾಲ ತೆಗೆದುಕೊಂಡರೆ ಹೇಳಿದ ದಿನ ಕೊಡುತ್ತಾರೆ, ಅದು. "ಶಮೆದಮೆ" ಅಂದರೆ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು.

ಈ ಪಟ್ಟಿ ಯಾರಿಗೆ ಬರೆದದ್ದು ಗೊತ್ತಾ? ಗಲಾತ್ಯ ಅಂದರೆ ಈಗಿನ ಟರ್ಕಿ ದೇಶದ ಒಂದು ಭಾಗ. ಅಲ್ಲಿನ ಸಭೆಗಳು ಒಳಜಗಳದಲ್ಲಿ ಬೇಯುತ್ತಿದ್ದವು. 15ನೇ ವಚನದಲ್ಲಿ, ನೀವು ಒಬ್ಬರನ್ನೊಬ್ಬರು ಕಚ್ಚಿ ತಿನ್ನುತ್ತಿದ್ದರೆ ಒಬ್ಬರಿಂದೊಬ್ಬರು ನಾಶವಾಗುತ್ತೀರಿ ಅಂತ ಎಚ್ಚರಿಸಿ, ಆಮೇಲೆ ಫಲದ ಮಾತು ಎತ್ತುತ್ತಾನೆ. ಶರೀರದ ಕರ್ಮಗಳಲ್ಲಿ ಸುಮಾರು ಅರ್ಧ ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಪಂಗಡ ಇಂಥವೇ. ಅದಕ್ಕೇ ಫಲದ ಪಟ್ಟಿಯಲ್ಲೂ ಮನುಷ್ಯರ ನಡುವೆ ಕಾಣುವ ಗುಣಗಳೇ ಜಾಸ್ತಿ. ಗುಡ್ಡದ ಮೇಲೆ ಒಬ್ಬರೇ ಕೂತು ದೀರ್ಘಶಾಂತಿ ಕಲಿಯುವುದು ಹೇಗೆ? ತಾಳ್ಮೆ ಕೆಡಿಸುವವರು ಒಬ್ಬರಾದರೂ ಹತ್ತಿರ ಇರಬೇಕು. ನಿಮ್ಮ ಮನೆಯ ಆ ರೋಗಿಯ ಕೋಣೆ ಇದೆಯಲ್ಲ, ಅದು ಸೇವೆಯಿಂದ ನಿಮ್ಮನ್ನು ದೂರ ಇಟ್ಟಿದೆ ಅಂತ ನೀವು ಅಂದುಕೊಂಡಿದ್ದೀರಿ. ಈ ಪಟ್ಟಿಯ ಪ್ರಕಾರ ಸೇವೆ ಅಲ್ಲೇ ನಡೆಯುತ್ತಿದೆ.

ಫಲ ಯಾಕೆ ಬೇಗ ಕಾಣುವುದಿಲ್ಲ, ನೋವು ಯಾಕೆ ಅನ್ನುವುದಕ್ಕೆ ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನನ್ನ ತಂದೆ ಕಾಫಿ ತೋಟದ ಮೇಸ್ತ್ರಿ ಆಗಿದ್ದರು. ನಾವು ಬೆಳೆದದ್ದು ತೋಟದ ಕೆಲಸದವರ ಲೈನ್ ಮನೆಯಲ್ಲಿ. ಕೊಯ್ಲು ಮುಗಿದ ಮೇಲೆ ಗಿಡಕಸಿ ಶುರುವಾಗುತ್ತಿತ್ತು. ಒಂದು ಸಲ ನಾನು ಅವರ ಹಿಂದೆ ಹೋಗಿದ್ದೆ, ಹತ್ತೋ ಹನ್ನೊಂದೋ ವಯಸ್ಸು. ಅವರು ಅರೇಬಿಕಾ ಕಾಫಿ ಗಿಡದ ಒಂದು ರೆಕ್ಕೆಯನ್ನು, ಅಂದರೆ ಪಕ್ಕದ ಕೊಂಬೆಯನ್ನು, ಎಡಗೈಯಲ್ಲಿ ಹಿಡಿದು, ಬೆರಳಿನಿಂದ ಗೆಣ್ಣು ಗೆಣ್ಣು ಮುಟ್ಟುತ್ತಾ ತುದಿಯವರೆಗೆ ಹೋದರು. "ಇಲ್ಲಿ ಹಣ್ಣು ಬಂದಾಯ್ತು, ಇನ್ನು ಈ ಜಾಗದಲ್ಲಿ ಬರಲ್ಲ. ಇದು ಹೊಸದು, ಮುಂದಿನ ವರ್ಷ ಹೊರೋದು ಇದು" ಅಂತ ತೋರಿಸಿ, ಬಳಲಿದ ಭಾಗ ಕತ್ತರಿಸಿದರು. ಬುಡದಿಂದ ನೇರ ಮೇಲೆ ಎದ್ದ ಕಂಬಚಿಗುರನ್ನು ಮುರಿದು ಹಾಕಿದರು. ಅದೇ ಗಿಡದಲ್ಲೆಲ್ಲ ತುಂಬಾ ಹಸಿರಾಗಿ, ಸೊಂಪಾಗಿ ಕಾಣುತ್ತಿತ್ತು. ಇದನ್ನ ಯಾಕಪ್ಪ ಮುರಿದೆ ಅಂತ ಕೇಳಿದೆ. "ಊಟ ಮಾತ್ರ ಮಾಡುತ್ತೆ, ಹಣ್ಣು ಬಿಡಲ್ಲ" ಅಂದರು.

ಕಸಿ ಮಾಡುವಾಗ ಅಪ್ಪ ಒಂದು ಕೈಯಲ್ಲಿ ಗಿಡ ಹಿಡಿದೇ ಇದ್ದರು. ಯೋಹಾನ 15:2 ಓದುವಾಗಲೆಲ್ಲ ನನಗೆ ಆ ಎಡಗೈ ನೆನಪಾಗುತ್ತದೆ. ಫಲ ಕೊಡುವ ಕೊಂಬೆಯನ್ನೇ ತಂದೆ ಕಸಿ ಮಾಡುತ್ತಾನೆ ಅಂತ ಅಲ್ಲಿದೆ. ಕತ್ತರಿ ತಾಗಿದೆ ಅಂದ ಮಾತ್ರಕ್ಕೆ ಬಿಸಾಡಿದ್ದಾನೆ ಅಂತಲ್ಲ. ನಿಮ್ಮ ಸಂಡೇ ಸ್ಕೂಲ್ ಹೋಯಿತು, ಎಲ್ಲರೂ ನೋಡುವ ಜಾಗ ಹೋಯಿತು. ಅದು ಕಸಿಯೇ ಅಂತ ನಾನು ಖಂಡಿತವಾಗಿ ಹೇಳಲಾರೆ, ದೇವರ ಮನಸ್ಸು ನನ್ನ ಜೇಬಿನಲ್ಲಿ ಇಲ್ಲ. ಅತ್ತೆಯ ಕಾಯಿಲೆಯನ್ನು ನಿಮಗೆ ಪಾಠ ಕಲಿಸಲು ದೇವರು ಕೊಟ್ಟ ಅಂತ ಯಾರಾದರೂ ಹೇಳಿದರೆ ನಂಬಲೂಬೇಡಿ. ಆದರೆ ಕಳೆದುಕೊಂಡದ್ದನ್ನೆಲ್ಲ ಶಿಕ್ಷೆ ಅಂತ ಓದಬೇಡಿ.

ಇನ್ನೊಂದು ವಿಷಯ ತೋಟದವರಿಗೆಲ್ಲ ಗೊತ್ತು. ಕಾಫಿ ಹೂವು ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂರು ದಿನಕ್ಕೆ ಹೂವು ಮುಗಿಯಿತು. ಆಮೇಲೆ ಅರೇಬಿಕಾದಲ್ಲಿ ಒಂದೂವರೆ ಎರಡು ತಿಂಗಳು ಕಾಯಿ ಗುಂಡುಸೂಜಿ ತಲೆಯಷ್ಟೇ ಇರುತ್ತದೆ, ಬೆಳೆದ ಹಾಗೇ ಕಾಣುವುದಿಲ್ಲ. ಹೊಸಬರು ಗಾಬರಿಯಾಗುತ್ತಾರೆ. ಹಳಬರು ಮುಂಗಾರಿಗೆ ಕಾಯುತ್ತಾರೆ. ಹೂವಿನಿಂದ ಹಣ್ಣಿಗೆ ಎಂಟು ಒಂಬತ್ತು ತಿಂಗಳು. ಯೇಸುವೂ ಮಾರ್ಕ 4ರಲ್ಲಿ ಇದನ್ನೇ ಹೇಳುತ್ತಾರೆ. ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ, ಬೀಜ ಹೇಗೆ ಬೆಳೆಯಿತೋ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು. ನಿಮ್ಮ ಪ್ರಾರ್ಥನೆಯಲ್ಲಿ ಈಗ ಮಾತು ಬರದಿರುವುದು ಆ ಗುಂಡುಸೂಜಿ ತಲೆಯ ಕಾಲ ಇರಬಹುದು.

ಇರಬಹುದು ಅಂದೆ. ಯಾಕೆಂದರೆ ಇನ್ನೊಂದು ಕಾರಣ ನನಗೆ ಹೆಚ್ಚು ಕಾಣುತ್ತಿದೆ. ಅಳತೆ ಮೀರಿ ಕಾಯಿ ಹಿಡಿದ ಗಿಡವನ್ನು ನೀವು ನೋಡಿರುತ್ತೀರಿ. ಇರುವ ಎಲೆ ಅಷ್ಟು ಕಾಯಿಗೆ ಊಟ ಕೊಡಲಾರದು. ಎಲೆ ಉದುರಿ, ರೆಕ್ಕೆ ತುದಿಯಿಂದ ಒಣಗುತ್ತಾ ಬರುತ್ತದೆ. ಅಂಥ ಗಿಡ ಸೋಮಾರಿ ಅಲ್ಲ. ಹೊರಲಾರದಷ್ಟು ಹೊತ್ತದ್ದೇ ಅದರ ಕಷ್ಟ. ಮೂರು ವರ್ಷ ಸರಿಯಾಗಿ ನಿದ್ದೆ ಮಾಡದ ಹೆಂಗಸು ಬಟ್ಟಲು ಕುಕ್ಕಿದರೆ ಅದರಲ್ಲಿ ಪಾಪವೂ ಇದೆ, ಸೋತ ದೇಹವೂ ಇದೆ. ಪಾಪಕ್ಕೆ ಕ್ಷಮೆ ಕೇಳಬೇಕು, ದೇಹಕ್ಕೆ ನಿದ್ದೆ ಕೊಡಬೇಕು. ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಿದರೆ ಎರಡೂ ಸರಿಹೋಗುವುದಿಲ್ಲ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಅಂದಾಗ ದೇವದೂತ ಬೋಧನೆ ಮಾಡಲಿಲ್ಲ. ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರು ಮಾತಾಡಿದ್ದು ಆಮೇಲೆ.

ಈಗ ನಿಮ್ಮ ಮುಂದಿರುವ ದಾರಿಗಳು.

10,000 ರೂಪಾಯಿ ಕೊಡಬೇಡಿ. ಸಾಲ ಮಾಡಿ ಅಂತೂ ಬೇಡವೇ ಬೇಡ. ಈ ಬೀಜ ಕಾಣಿಕೆಗೆ ಫಿಲಿಪ್ಪಿ 4:17ನ್ನು ತೋರಿಸುತ್ತಾರೆ, ಅಲ್ಲಿ ಕಾಣಿಕೆಯ ಬಗ್ಗೆ ಫಲ ಅನ್ನುವ ಮಾತು ಇದೆ, ನಿಜ. ಆದರೆ ಪೌಲನು ಅಲ್ಲಿ ಬಂದ ಕಾಣಿಕೆಗೆ ವಂದನೆ ಹೇಳುತ್ತಿದ್ದಾನೆ, ಕೊಡಿ ಅಂತ ಕೇಳುತ್ತಿಲ್ಲ. ಒತ್ತಾಯದಿಂದ ಕೊಡಬಾರದು ಅಂತ 2 ಕೊರಿಂಥ 9:7ರಲ್ಲಿ ಅವನೇ ಬರೆದಿದ್ದಾನೆ. ಹೆದರಿಸಿ ತೆಗೆದುಕೊಂಡ ಹಣ ಕಾಣಿಕೆ ಅಲ್ಲ. ಸಂಘದ ಕಂತು ಕಟ್ಟಲು ಆಗದೆ ನಿಮ್ಮ ಮಾತು ಕೆಟ್ಟರೆ, ಫಲದ ಪಟ್ಟಿಯ ಆ "ನಂಬಿಕೆ" ಏನಾಗಬೇಕು?

ಸಭೆ ಬದಲಾಯಿಸುವುದು ನಿಮ್ಮ ಇಷ್ಟ, ಅದು ಪಾಪ ಏನಲ್ಲ. ಆದರೆ ಮಾತಾಡಿದ್ದು ಹೊರಗಿನ ಪ್ರಸಂಗಿ, ನಿಮ್ಮ ಪಾಸ್ಟರ್ ಅಲ್ಲ. ಮೊದಲು ನಿಮ್ಮ ಪಾಸ್ಟರ ಹತ್ತಿರ ಈ ಪತ್ರವನ್ನೇ ತೋರಿಸಿ. ಅವರೂ ಅದೇ ಲೆಕ್ಕ ಕೇಳಿದರೆ, ವರ್ಷವಿಡೀ ಅದೇ ಹೆದರಿಕೆ ಇದ್ದರೆ, ಆಗ ಯೋಚಿಸಿ. ಹೊಸ ಸಭೆಯಲ್ಲಿ ನಿಮ್ಮ ಮನೆಯ ಕಷ್ಟ ಗೊತ್ತಿರುವವರು ಒಬ್ಬರೂ ಇರುವುದಿಲ್ಲ ಅನ್ನುವುದನ್ನೂ ಲೆಕ್ಕ ಹಾಕಿ. ಇಂಥ ಹೊತ್ತಲ್ಲಿ ಅದು ಸಣ್ಣ ನಷ್ಟ ಅಲ್ಲ.

ಸುವಾರ್ತೆ ತಂಡಕ್ಕೆ ಸೇರಿ ಬೇಗ ಬೇಗ ನಾಲ್ಕು ಜನರನ್ನು ಕರೆತರೋಣ ಅಂತ ನಿಮಗೆ ಅನ್ನಿಸಿರಬಹುದು. ಈಗ ಬೇಡ. ಭಯದಿಂದ ಮಾಡಿದ ಸಾಕ್ಷಿಯಲ್ಲಿ ಕೇಳುವವರಿಗೆ ಸಿಗುವುದೂ ಭಯವೇ.

ನಾನು ಹೇಳುವುದು ಮೂರು ಕೆಲಸ. ವಾರದಲ್ಲಿ ಎರಡು ರಾತ್ರಿಯಾದರೂ ಅತ್ತೆಯ ಪಕ್ಕ ಯಜಮಾನರು ಮಲಗಲಿ. ಅವರ ತಾಯಿಯೇ ಅಲ್ವಾ? ಮೊದಲ ವಾರ ಅತ್ತೆ ಗಲಾಟೆ ಮಾಡುತ್ತಾರೆ, ನೀರು ಬೇಡ ಅನ್ನುತ್ತಾರೆ, ನಿಮಗೆ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ, ಮನೆಯಲ್ಲಿ ಮಾತಿಗೆ ಮಾತು ಬೆಳೆಯಬಹುದು. ಅದು ಈ ದಾರಿಯ ಕಷ್ಟ. ಆದರೂ ಬಿಡಬೇಡಿ. ಮೊದಲು ಯಜಮಾನರು ಹಗಲಲ್ಲಿ ನಿಮ್ಮ ಜೊತೆ ಕೂತು ಕುಡಿಸಿ ಅಭ್ಯಾಸ ಮಾಡಲಿ. ಸಭೆಯ ಸ್ತ್ರೀ ಸಂಘದವರಿಗೆ, ನನಗಾಗಿ ಪ್ರಾರ್ಥನೆ ಮಾಡಿ ಅಂತ ಮಾತ್ರ ಹೇಳಿ ಬಿಡಬೇಡಿ, ಬುಧವಾರ ಮಧ್ಯಾಹ್ನ ಎರಡು ಗಂಟೆ ಬಂದು ಕೂರಿ ಅಂತ ಬಾಯಿಬಿಟ್ಟು ಕೇಳಿ.

ಎರಡನೆಯದು, ಡಾಕ್ಟರನ್ನು ಕಾಣಿ. ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಸಿಟ್ಟು, ನಾನು ಪ್ರಯೋಜನಕ್ಕೆ ಬಾರದವಳು ಅನ್ನುವ ಯೋಚನೆ, ಇವು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಖಿನ್ನತೆ ಇರಬಹುದು. ಅದಕ್ಕೆ ಔಷಧಿ ಇದೆ. ಥೈರಾಯ್ಡ್, ರಕ್ತಹೀನತೆ ಇದ್ದರೂ ಹೀಗೇ ದಣಿವಾಗುತ್ತದೆ, ರಕ್ತ ಪರೀಕ್ಷೆ ಮಾಡಿಸಿ. ಯಾರ ಹತ್ತಿರವೂ ಹೇಳಿಕೊಳ್ಳಲು ಆಗದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಅಂದರೆ, ಎಲೀಯನಿಗೆ ದೇವದೂತ ಕೊಟ್ಟದ್ದು ರೊಟ್ಟಿ ಮತ್ತು ನೀರು ಅಂತ ನೆನಪಿಸಿ.

ಮೂರನೆಯದು, ಬಳ್ಳಿಯಲ್ಲಿ ಇರುವುದು. "ನೆಲೆಗೊಂಡಿರುವುದು" ಅಂದ ಕೂಡಲೇ ನಮಗೆ ದೊಡ್ಡ ಧ್ಯಾನ, ಉಪವಾಸ ನೆನಪಿಗೆ ಬರುತ್ತದೆ. ಗ್ರೀಕಿನಲ್ಲಿ ಅದು ಮನೆಮಾತು, ಒಂದು ಕಡೆ ಉಳಿದುಕೊಳ್ಳುವುದು ಅಂತ. ಯೋಹಾನ 1ರಲ್ಲಿ ಶಿಷ್ಯರು ಯೇಸುವನ್ನು ನೀವು ಎಲ್ಲಿ ಉಳಿದುಕೊಂಡಿದ್ದೀರಿ ಅಂತ ಕೇಳುವಾಗ ಇರುವುದೂ ಅದೇ ಪದ. ಎದ್ದು ಹೋಗದೆ ಇರುವುದು, ಅಷ್ಟೇ. ದ್ರಾಕ್ಷಿ ಕೊಂಬೆ ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ. ಪಾತ್ರೆ ತೂಗುಹಾಕುವ ಗೂಟಕ್ಕೂ ಆ ಮರ ಆಗದು ಅಂತ ಯೆಹೆಜ್ಕೇಲ 15ರಲ್ಲಿದೆ. ಬಳ್ಳಿಗೆ ಅಂಟಿಕೊಂಡಿರುವುದು ಒಂದೇ ಅದಕ್ಕೆ ಗೊತ್ತಿರುವುದು. ನಿಮಗೆ ಮಾತು ಬರದಿದ್ದರೆ ಕೀರ್ತನೆಗಳನ್ನು ಎರವಲು ತೆಗೆದುಕೊಳ್ಳಿ. ದಿನಕ್ಕೆ ಒಂದು, ಅತ್ತೆಯ ಹಾಸಿಗೆ ಪಕ್ಕ ಕೂತು, ಜೋರಾಗಿ ಓದಿ. ಇಬ್ಬರಿಗೂ ಕೇಳಲಿ. 88ನೇ ಕೀರ್ತನೆ ಓದಲು ಹೆದರಬೇಡಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ದೇವರಿಗೇ ಹೇಳಿದ ಮಾತು ಅದು, ಬೈಬಲಿನಲ್ಲೇ ಇದೆ. ಇದರ ಅಪಾಯವನ್ನೂ ಹೇಳಬೇಕು. ಸುಮ್ಮನೆ ಇರುವುದು ಅನ್ನುವುದು ಕೆಲವರಿಗೆ ನೆಪ ಆಗುತ್ತದೆ, ಹತ್ತು ವರ್ಷ ಹೋದರೂ ಮನೆಯಲ್ಲಿ, ಬಾಯಲ್ಲಿ, ದುಡ್ಡಿನ ವ್ಯವಹಾರದಲ್ಲಿ ಏನೂ ಬದಲಾಗುವುದಿಲ್ಲ. ಸ್ನಾನಿಕ ಯೋಹಾನನನ್ನು ಜನ, ನಾವು ಏನು ಮಾಡಬೇಕು ಅಂತ ಕೇಳಿದಾಗ ಅವನ ಉತ್ತರ ನೇರ ಇತ್ತು. ಎರಡು ಅಂಗಿ ಇದ್ದವನು ಒಂದು ಕೊಡಲಿ. ತೆರಿಗೆಯವರು ಜಾಸ್ತಿ ವಸೂಲಿ ಮಾಡಬೇಡಿ. ಸಿಪಾಯಿಗಳು ಹೆದರಿಸಿ ದುಡ್ಡು ಕೀಳಬೇಡಿ. ಮಾನಸಾಂತರದ ಫಲ ಅಂದರೆ ಅಷ್ಟು ಕಣ್ಣಿಗೆ ಕಾಣುವಂಥದ್ದು. ನಿಮ್ಮ ವಿಷಯದಲ್ಲಿ ಅದು ಆ ಗಂಜಿ ಬಟ್ಟಲು. ಅತ್ತೆಯ ಹತ್ತಿರ ಕೂತು, ಅವತ್ತು ತಪ್ಪು ಮಾಡಿದೆ, ಕ್ಷಮಿಸಿ ಅಂತ ಹೇಳಿ. ಅವರಿಗೆ ಉತ್ತರ ಹೇಳಲು ಆಗದಿದ್ದರೂ ಹೇಳಿ.

ಸಂಡೇ ಸ್ಕೂಲ್ ಈಗ ಬೇಡ. ಆರು ತಿಂಗಳು ಬಿಡಿ. ನಿದ್ದೆ ಸರಿಯಾಗಿ, ಮಕ್ಕಳನ್ನು ನೋಡಿದರೆ ಮನಸ್ಸಿಗೆ ಖುಷಿ ಅನ್ನಿಸಿದರೆ ಆಗ ತಿಂಗಳಿಗೆ ಒಂದು ಭಾನುವಾರದಿಂದ ಶುರು ಮಾಡಿ.

ಕೊನೆಗೆ ನಿಮ್ಮ ಪತ್ರದ ಒಂದು ಸಾಲಿಗೆ ವಾಪಸ್ ಹೋಗುತ್ತೇನೆ. ಬೇರೆ ಯಾರು ಕೊಟ್ಟರೂ ಅತ್ತೆ ನೀರು ಸಹ ಕುಡಿಯಲ್ಲ, ನನ್ನ ಕೈ ಹಿಡಿದೇ ಮಲಗಬೇಕು ಅಂತ ಬರೆದಿದ್ದೀರಿ. ದೂರು ಹೇಳುವ ಹಾಗೆ ಬರೆದಿದ್ದೀರಿ, ನಿಮ್ಮ ಕಷ್ಟದಲ್ಲಿ ಅದು ದೂರೇ. ಆದರೆ ಗಿಡ ತನ್ನ ಹಣ್ಣನ್ನು ತಾನು ತಿನ್ನುವುದಿಲ್ಲ. ರುಚಿ ಗೊತ್ತಿರುವುದು ತಿಂದವರಿಗೆ. ನೀವು ಬಟ್ಟಲು ಕುಕ್ಕಿದ ದಿನದ ರಾತ್ರಿಯೂ ಅತ್ತೆ ಯಾರ ಕೈ ಹಿಡಿದುಕೊಂಡು ಮಲಗಿದರು?